ಉಣುಗಿನ ಹೊಟ್ಟೆಯಲ್ಲಿ ಅಡಗಿದ್ದ ಗುಟ್ಟು

ದನಕರು ಸಾಕಿದವರಿಗೆ ಉಣುಗಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಗಂಗೆದೊಗಲಿನ ಮಡಿಕೆ, ಕಿವಿಯ ಒಳಭಾಗ, ಕೆಚ್ಚಲಿನ ಸಂದು, ಬಾಲದ ಬುಡ ಹೀಗೆ ಹಸುವಿನ ನಾಲಿಗೆ ಸುಲಭವಾಗಿ ತಲುಪದ ಜಾಗ ಹುಡುಕಿ ಕಚ್ಚಿ ಕೂರುತ್ತದೆ. ರಕ್ತ ಹೀರಿ ಹೀರಿ ಹರಳುಬೀಜದಂತೆ ಊದಿಕೊಳ್ಳುತ್ತದೆ. ಈ ಹೋಲಿಕೆ ಬಹಳ ಹಳೆಯದು. ಲ್ಯಾಟಿನ್ ಭಾಷೆಯಲ್ಲಿ ಉಣುಗಿಗೂ ಹರಳಿಗೂ ಒಂದೇ ಹೆಸರು, ‘ರಿಸಿನಸ್’. ನಮ್ಮಲ್ಲಿ ಊರಿಂದೂರಿಗೆ ಉಣ್ಣೆ, ಉಣ್ಣಿ, ಉಣುಗು ಎಂದು ಹೆಸರು ಬದಲಾಗುತ್ತದೆಯೇ ಹೊರತು ಕಾಟ ಬದಲಾಗುವುದಿಲ್ಲ. ಕಿತ್ತು ಬೆಂಕಿಗೆ ಹಾಕುವುದು, ಬೇವಿನೆಣ್ಣೆ ಹಚ್ಚುವುದು, ಪಶು ಆಸ್ಪತ್ರೆಯಿಂದ ತಂದ ಔಷಧಿಯನ್ನು ನೀರಿಗೆ ಬೆರೆಸಿ ಮೈಗೆ ಬಳಿಯುವುದು, ರೈತನ ಉಪಾಯಗಳು ಹೆಚ್ಚುಕಡಿಮೆ ಇಷ್ಟೇ.

ಈ ಪಟ್ಟಿಗೆ ಸುಮಾರು ಮೂರು ದಶಕಗಳ ಹಿಂದೆ ಇನ್ನೊಂದು ಉಪಾಯ ಸೇರಿತು. ಹಸುವಿಗೆ ಚುಚ್ಚುಮದ್ದು ಹಾಕಿ, ಅದರ ರಕ್ತ ಕುಡಿದ ಉಣುಗು ತಾನಾಗಿ ಸಾಯುವಂತೆ ಮಾಡುವ ಲಸಿಕೆ ಅದು. ಲಸಿಕೆ ಎಂದೊಡನೆ ನೆನಪಿಗೆ ಬರುವುದು ರೋಗಾಣುಗಳು. ಕಾಲುಬಾಯಿ ಜ್ವರಕ್ಕೆ ಹಾಕುವ ಲಸಿಕೆ ವೈರಸ್ಸಿನ ವಿರುದ್ಧ, ಚಪ್ಪೆ ರೋಗಕ್ಕೆ ಹಾಕುವುದು ಬ್ಯಾಕ್ಟೀರಿಯಾದ ವಿರುದ್ಧ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುವಂಥದ್ದು. ಆದರೆ ಮಲೆನಾಡಿನ ಜನರಿಗೆ ವರ್ಷಗಟ್ಟಲೆ ಹಾಕಿದ ಲಸಿಕೆ ಕೂಡ ವೈರಸ್ಸನ್ನು ಉದ್ದೇಶಿಸಿದ್ದೇ ಹೊರತು ಉಣುಗನ್ನಲ್ಲ. ಉಣುಗಿಗೆ ಎಂಟು ಕಾಲು, ಬಾಯಿ, ಕರುಳು, ಅಂಡಾಶಯ ಎಲ್ಲವೂ ಇವೆ. ಜೇಡನ ಬಳಗಕ್ಕೆ ಸೇರಿದ ಪೂರ್ಣ ಪ್ರಾಣಿಯದು. ಅದೂ ಹಸುವಿನ ದೇಹದೊಳಗಲ್ಲ, ಚರ್ಮದ ಹೊರಗೆ ಕುಳಿತಿರುವಂಥದ್ದು. ಅಂಥದ್ದರ ವಿರುದ್ಧ ಲಸಿಕೆ ತಯಾರಿಸಬಹುದೆಂದು ತೋರಿಸಿಕೊಟ್ಟವರಲ್ಲಿ ಮುಖ್ಯರು ಆಸ್ಟ್ರೇಲಿಯಾದ ಜೀವರಸಾಯನ ವಿಜ್ಞಾನಿ ಪೀಟರ್ ವಿಲ್ಲಾಡ್ಸನ್.

ಅವರು ಬೆನ್ನುಹತ್ತಿದ್ದು ‘ಬೂಫಿಲಸ್ ಮೈಕ್ರೋಪ್ಲಸ್’ ಎಂಬ ದನದ ಉಣುಗನ್ನು. ಬೂಫಿಲಸ್ ಎಂದರೆ ಗ್ರೀಕ್ ಭಾಷೆಯಲ್ಲಿ ದನಪ್ರೇಮಿ! ಈಗ ವಿಜ್ಞಾನಿಗಳು ಇದನ್ನು ‘ರಿಪಿಸೆಫಾಲಸ್’ ಕುಲಕ್ಕೆ ಸೇರಿಸಿದ್ದಾರಾದರೂ ಹಳೆಯ ಹೆಸರೇ ಅದಕ್ಕೆ ಹೆಚ್ಚು ಒಪ್ಪುತ್ತದೆ. ಹುಲ್ಲಿನ ತುದಿಯಲ್ಲಿ ಕಾದು ಕುಳಿತ ಸಾಸಿವೆಗಿಂತ ಸಣ್ಣ ಮರಿ ಹಸುವಿನ ಮೈಗೆ ಹತ್ತಿತೆಂದರೆ ಮತ್ತೆ ಇಳಿಯುವುದು ಸುಮಾರು ಮೂರು ವಾರದ ನಂತರವೇ. ಪೊರೆ ಕಳಚುವುದು, ಬೆಳೆಯುವುದು, ಕೂಡುವುದು ಎಲ್ಲ ಅದೇ ಹಸುವಿನ ಮೇಲೆ. ಕೊನೆಯ ಒಂದೆರಡು ದಿನಗಳಲ್ಲಿ ಹೆಣ್ಣು ಉಣುಗು ಅವಸರ ಅವಸರವಾಗಿ ರಕ್ತ ತುಂಬಿಕೊಂಡು ನೆಲಕ್ಕೆ ಬೀಳುತ್ತದೆ, ಎರಡು ಮೂರು ಸಾವಿರ ಮೊಟ್ಟೆಯಿಟ್ಟು ಸಾಯುತ್ತದೆ. ಒಂದು ಉಣುಗು ತಪ್ಪಿಸಿಕೊಂಡರೂ ಮುಂದಿನ ತಿಂಗಳು ಹುಲ್ಲುಗಾವಲಿನಲ್ಲಿ ಸಾವಿರಾರು ಮರಿಗಳು. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಬೇಕು. ಲಸಿಕೆಯ ಗೆಲುವು ಸೋಲು ಎರಡೂ ಇದರಲ್ಲೇ ಅಡಗಿದೆ.

ರಕ್ತ ಹೀರುವುದಷ್ಟೇ ಆಗಿದ್ದರೆ ಉಣುಗಿನ ಮೇಲೆ ಇಷ್ಟು ಸಂಶೋಧನೆ ನಡೆಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಟೆಕ್ಸಾಸ್‌ನಿಂದ ದನಗಳ ಹಿಂಡನ್ನು ಉತ್ತರದ ರಾಜ್ಯಗಳಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಹಿಂಡು ಹಾದುಹೋದ ದಾರಿಯಲ್ಲಿ ಉತ್ತರದ ದನಗಳು ಜ್ವರ ಬಂದು, ಮೂತ್ರ ಕೆಂಪಾಗಿ ಸಾಯುತ್ತಿದ್ದವು. ವಿಚಿತ್ರವೆಂದರೆ ಟೆಕ್ಸಾಸ್‌ನ ದನಗಳು ಮಾತ್ರ ಆರೋಗ್ಯವಾಗಿಯೇ ಇರುತ್ತಿದ್ದವು. ಇದು ಉಣುಗಿನ ಕೆಲಸವೆಂದು ದನಗಾರರು ಹೇಳಿದಾಗ ತಿಳಿದವರು ನಕ್ಕರು. ಥಿಯೋಬಾಲ್ಡ್ ಸ್ಮಿತ್ ಮತ್ತು ಫ್ರೆಡ್ ಕಿಲ್ಬೋರ್ನ್ ನಗಲಿಲ್ಲ. ಉಣುಗುಗಳನ್ನೆಲ್ಲ ಕಿತ್ತು ತೆಗೆದ ದಕ್ಷಿಣದ ದನಗಳ ಜೊತೆ ಉತ್ತರದ ದನಗಳನ್ನು ಬಿಟ್ಟರು, ಏನೂ ಆಗಲಿಲ್ಲ. ದನಗಳೇ ಇಲ್ಲದ ಹೊಲದಲ್ಲಿ ಬರೀ ಉಣುಗುಗಳನ್ನು ಚೆಲ್ಲಿ ಉತ್ತರದ ದನಗಳನ್ನು ಬಿಟ್ಟರು, ರೋಗ ಬಂತು. ರಕ್ತಕಣದೊಳಗೆ ಸೇರಿ ಅದನ್ನು ಒಡೆಯುವ ಸೂಕ್ಷ್ಮಜೀವಿಯನ್ನೂ ಅವರು ಕಂಡರು. ಆ ಸೂಕ್ಷ್ಮಜೀವಿಗೆ ಈಗಿನ ಹೆಸರು ‘ಬೆಬೀಸಿಯಾ’. 1893ರಲ್ಲಿ ಪ್ರಕಟವಾದ ಈ ವರದಿ, ಕೀಟದಂಥ ಜೀವಿಯೊಂದು ರೋಗವನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸುತ್ತದೆಂದು ಖಚಿತವಾಗಿ ತೋರಿಸಿದ ಮೊದಲ ದಾಖಲೆಗಳಲ್ಲೊಂದು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡದ್ದು ಇದಾದ ನಾಲ್ಕು ವರ್ಷಗಳ ಮೇಲೆ.

ಕಾರಣ ತಿಳಿದ ಮೇಲೆ ಅಮೆರಿಕ ಉಣುಗಿನ ನಿರ್ಮೂಲನಕ್ಕೇ ಹೊರಟಿತು. 1906ರಿಂದ 1943ರವರೆಗೆ ಪಾಷಾಣ ಬೆರೆಸಿದ ನೀರಿನ ತೊಟ್ಟಿಗಳಲ್ಲಿ ದನಗಳನ್ನು ಪದೇ ಪದೇ ಈಜಿಸಿ, ಮೆಕ್ಸಿಕೋ ಗಡಿಯ ಪಟ್ಟಿಯೊಂದನ್ನು ಬಿಟ್ಟು ಉಳಿದೆಡೆ ಉಣುಗನ್ನು ಅಳಿಸಿಹಾಕಿತು. ಸರ್ಕಾರದ ಬಲವಂತಕ್ಕೆ ಸಿಟ್ಟಾದ ಕೆಲವು ರೈತರು ಡೈನಮೈಟ್ ಇಟ್ಟು ತೊಟ್ಟಿಗಳನ್ನೇ ಉಡಾಯಿಸಿದ್ದೂ ಉಂಟು.

ಆಸ್ಟ್ರೇಲಿಯಾಕ್ಕೆ ಆ ಭಾಗ್ಯ ಇರಲಿಲ್ಲ. 1872ರಲ್ಲಿ ಬಟೇವಿಯಾದಿಂದ, ಅಂದರೆ ಈಗಿನ ಜಕಾರ್ತದಿಂದ, ಡಾರ್ವಿನ್ ಬಂದರಿಗೆ ಬಂದಿಳಿದ ಕೆಲವು ದನಗಳ ಮೈಮೇಲೆ ಉಣುಗೂ ಬಂದಿಳಿಯಿತು ಎನ್ನುತ್ತದೆ ಇತಿಹಾಸ. ಆ ಶತಮಾನ ಮುಗಿಯುವಷ್ಟರಲ್ಲಿ ಅದು ಕ್ವೀನ್ಸ್‌ಲ್ಯಾಂಡ್ ತುಂಬ ಹಬ್ಬಿತ್ತು. ಬ್ರಿಟನ್ನಿನಿಂದ ತಂದ ತಳಿಗಳಿಗೆ ಉಣುಗಿನ ಅಭ್ಯಾಸವೇ ಇರಲಿಲ್ಲವಾದ್ದರಿಂದ ದನಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಅಲ್ಲಿಯೂ ಪಾಷಾಣದ ತೊಟ್ಟಿಗಳು ಬಂದವು. 1930ರ ದಶಕದ ಕೊನೆಗೆ ಪಾಷಾಣಕ್ಕೂ ಬಗ್ಗದ ಉಣುಗು ಕಾಣಿಸಿಕೊಂಡಿತು. ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಬಂತು, ಅದರ ಆಟ ಹತ್ತು ಹನ್ನೆರಡು ವರ್ಷ ನಡೆಯಿತು. ಆಮೇಲೆ ಆರ್ಗನೋಫಾಸ್ಫೇಟುಗಳು, ಆಮೇಲೆ ಅಮಿಟ್ರಾಜ್, ಆಮೇಲೆ ಪೈರೆಥ್ರಾಯ್ಡುಗಳು. ಪ್ರತಿ ಹೊಸ ವಿಷಕ್ಕೂ ಸಾವಿರದಲ್ಲೊಂದು ಉಣುಗು ಹೇಗೋ ತಡೆದುಕೊಳ್ಳುತ್ತಿತ್ತು. ಅದರ ಮೊಟ್ಟೆಗಳಿಂದ ಬಂದವುಗಳಿಗೆ ಆ ವಿಷ ನೀರಿಗೆ ಸಮಾನ. ಅತ್ತ ಹಾಲು ಮಾಂಸಗಳಲ್ಲಿ ಉಳಿಯುವ ವಿಷಾಂಶದ ಬಗ್ಗೆ ಕೊಳ್ಳುವ ದೇಶಗಳ ತಕರಾರು.

ವಿಷವಿಲ್ಲದ ದಾರಿಯೊಂದು ಆಸ್ಟ್ರೇಲಿಯಾಕ್ಕೆ ಭಾರತದ ಕಡೆಯಿಂದಲೇ ಸಿಕ್ಕಿತು ಎನ್ನಬಹುದು. ಇಣಿ ಇರುವ, ಜೋಲುತೊಗಲಿನ ನಮ್ಮ ದನಗಳ ಮೇಲೆ ಉಣುಗು ಅಷ್ಟಾಗಿ ಬೆಳೆಯುವುದಿಲ್ಲ. ಅಮೆರಿಕದವರು ಇಂಥ ದನಗಳನ್ನು ಬೆರೆಸಿ ‘ಬ್ರಾಹ್ಮನ್’ ಎಂಬ ತಳಿಯನ್ನು ಕಟ್ಟಿದ್ದರು. ಗುಜರಾತಿನ ಗಿರ್ ಮತ್ತು ಕಾಂಕ್ರೇಜ್, ಆಂಧ್ರದ ಒಂಗೋಲ್ ತಳಿಗಳ ಜೊತೆಗೆ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಎರೆ ನೆಲದಲ್ಲಿ ನೇಗಿಲು ಎಳೆಯುವ ಕೃಷ್ಣಾ ಕಣಿವೆ ತಳಿಯ ರಕ್ತವೂ ಅದರಲ್ಲಿ ಸೇರಿದೆ. 1933ರಲ್ಲಿ ಆಸ್ಟ್ರೇಲಿಯಾ ಈ ಬ್ರಾಹ್ಮನ್ ದನಗಳನ್ನು ತರಿಸಿಕೊಂಡಿತು. ಇಂದು ಅದರ ಉತ್ತರ ಭಾಗದ ಮಾಂಸದ ದನಗಳಲ್ಲಿ ಬಹುಪಾಲು ಈ ಬೆರಕೆಯವು. ಆದರೆ ಹಾಲಿನವರಿಗೆ ಇದರಿಂದ ಪ್ರಯೋಜನವಾಗಲಿಲ್ಲ. ಹೆಚ್ಚು ಹಾಲು ಕೊಡುವ ಹೋಲ್‌ಸ್ಟೀನ್ ಹಸುವೇ ಉಣುಗಿಗೂ ಹೆಚ್ಚು ಪ್ರಿಯ.

ಕೆಲವು ದನಗಳು ಉಣುಗನ್ನು ತಡೆದುಕೊಳ್ಳುತ್ತವೆ ಎಂದ ಮೇಲೆ ಆ ಶಕ್ತಿಯನ್ನು ಚುಚ್ಚುಮದ್ದಿನಿಂದ ಬರಿಸಬಹುದಲ್ಲ ಎಂಬ ಯೋಚನೆ ಸಹಜವೇ. ಅಮೆರಿಕದ ವಿಲಿಯಂ ಟ್ರೇಗರ್ 1939ರಲ್ಲೇ ಗಿನಿ ಇಲಿಗಳ ಮೇಲೆ ಇದರ ಪ್ರಯೋಗ ಮಾಡಿದ್ದರು. ಒಮ್ಮೆ ಉಣುಗು ಕಚ್ಚಿಸಿಕೊಂಡ ಇಲಿಯ ಮೇಲೆ ಎರಡನೆಯ ಸಲ ಬಿಟ್ಟ ಮರಿಗಳು ಹೊಟ್ಟೆ ತುಂಬ ರಕ್ತ ಕುಡಿಯಲಾರದೆ ಸತ್ತವು. ಮರಿಗಳನ್ನು ಅರೆದು ತೆಗೆದ ಸಾರವನ್ನು ಚುಚ್ಚಿದಾಗಲೂ ಸ್ವಲ್ಪಮಟ್ಟಿಗೆ ಇದೇ ಫಲ. ಮುಂದೆ 1976ರಲ್ಲಿ ಮಲೇರಿಯಾ ಪರಾವಲಂಬಿಯನ್ನು ಪ್ರಯೋಗಶಾಲೆಯಲ್ಲಿ ನಿರಂತರವಾಗಿ ಬೆಳೆಸುವ ವಿಧಾನ ಕಂಡುಹಿಡಿದು ಹೆಸರಾದವರು ಇದೇ ಟ್ರೇಗರ್. ಉಣುಗಿನ ಕೆಲಸ ಮಾತ್ರ ನಾಲ್ಕು ದಶಕ ಹಾಗೆಯೇ ಉಳಿಯಿತು.

1970ರ ದಶಕದಲ್ಲಿ ವಿಲ್ಲಾಡ್ಸನ್ ಬ್ರಿಸ್ಬೇನ್‌ನಲ್ಲಿ, ಸಿಎಸ್‌ಐಆರ್‌ಒ ಎಂಬ ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ, ಉಣುಗಿನ ಮರಿಗಳಿಂದ ಪ್ರೋಟೀನುಗಳನ್ನು ಬೇರ್ಪಡಿಸುತ್ತಿದ್ದರು. ಕಚ್ಚಿದಾಗ ಜೊಲ್ಲಿನ ಮೂಲಕ ಹಸುವಿನ ಮೈ ಸೇರುವ, ತುರಿಕೆ ತರಿಸುವ ವಸ್ತುಗಳವು. ಹಸುವಿನಲ್ಲಿ ತಾನಾಗಿ ಹುಟ್ಟುವ ನಿರೋಧಕ್ಕೆ ಇವೇ ಕಾರಣವಿರಬೇಕೆಂಬುದು ಊಹೆ. ಆದರೆ ಈ ದಾರಿಯಲ್ಲೊಂದು ತೊಡಕಿತ್ತು. ಲಕ್ಷಾಂತರ ವರ್ಷಗಳಿಂದ ದನದ ರಕ್ತದ ಮೇಲೆಯೇ ಬದುಕಿದ ಉಣುಗಿಗೆ ಆ ನಿರೋಧದ ಪರಿಚಯ ಚೆನ್ನಾಗಿಯೇ ಇತ್ತು. ಅದರ ಜೊಲ್ಲಿನಲ್ಲೇ ಹಸುವಿನ ರಕ್ಷಣಾ ವ್ಯವಸ್ಥೆಯನ್ನು ಮಂಕುಗೊಳಿಸುವ ವಸ್ತುಗಳೂ ಇದ್ದವು.

ಬೇರೆ ದಾರಿಯ ಸುಳಿವು ಕೊಟ್ಟದ್ದು ಕೆನಡಾ. ಸಸ್ಕಾಟೂನ್‌ನ ಅಲೆನ್ ಮತ್ತು ಹಂಫ್ರೀಸ್ ಎಂಬ ವಿಜ್ಞಾನಿಗಳು ಅರೆಹೊಟ್ಟೆ ರಕ್ತ ಕುಡಿದ ಉಣುಗುಗಳನ್ನು ಸೀಳಿ, ಕರುಳು ಮತ್ತು ಜನನಾಂಗಗಳ ಸಾರವನ್ನು ಗಿನಿ ಇಲಿಗಳಿಗೂ ದನಗಳಿಗೂ ಚುಚ್ಚಿದ್ದರು. ಆ ಪ್ರಾಣಿಗಳ ರಕ್ತ ಕುಡಿದ ಉಣುಗುಗಳು ಸರಿಯಾಗಿ ಮೊಟ್ಟೆಯಿಡಲಿಲ್ಲ. 1979ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಉಣುಗಿನ ಕರುಳು ಹಸುವಿಗೆ ಎಂದೂ ಕಾಣಸಿಗದ ಅಂಗ. ಜೊಲ್ಲು ಹಸುವಿನ ಮೈಗೆ ಇಳಿಯುತ್ತದೆ, ಕರುಳು ಇಳಿಯುವುದಿಲ್ಲ. ಆದ್ದರಿಂದ ಅದರ ವಿರುದ್ಧ ಹಸು ಎಂದೂ ಪ್ರತಿಕಾಯ ತಯಾರಿಸಿಲ್ಲ, ಅಂಥ ಪ್ರತಿಕಾಯವನ್ನು ಎದುರಿಸುವ ಅಗತ್ಯ ಉಣುಗಿಗೂ ಎಂದೂ ಬಂದಿಲ್ಲ. ಇಂಥವನ್ನು ವಿಲ್ಲಾಡ್ಸನ್ ಮತ್ತು ಅವರ ಸಹೋದ್ಯೋಗಿ ಡೇವಿಡ್ ಕೆಂಪ್ ‘ಅಡಗಿದ ಪ್ರತಿಜನಕಗಳು’ ಎಂದು ಕರೆದರು. ನಿಸರ್ಗ ಸೋತ ಕಡೆಯೇ ಲಸಿಕೆಗೆ ಜಾಗವಿದೆ ಎಂದು ಗುರುತಿಸಿದ್ದು ಈ ಸಂಶೋಧನೆಯ ಜೀವಾಳ.

ಇದು ಕೆಲಸ ಮಾಡಲು ಉಣುಗಿನ ಜೀರ್ಣಕ್ರಮವೂ ಸಹಕರಿಸುತ್ತದೆ. ಮನುಷ್ಯರಲ್ಲಿ ನುಂಗಿದ ಪ್ರೋಟೀನು ಜಠರದ ರಸದಲ್ಲಿ ಬೇಗನೆ ಚೂರಾಗುತ್ತದೆ. ಉಣುಗಿನಲ್ಲಿ ಹಾಗಲ್ಲ. ಕುಡಿದ ರಕ್ತ ಕರುಳಿನ ಪೊಳ್ಳಿನಲ್ಲಿ ಬಹುತೇಕ ಹಾಗೆಯೇ ನಿಂತಿರುತ್ತದೆ. ಕರುಳಿನ ಗೋಡೆಯ ಜೀವಕೋಶಗಳು ಅದನ್ನು ಸ್ವಲ್ಪಸ್ವಲ್ಪವಾಗಿ ಒಳಗೆಳೆದುಕೊಂಡು ಅರಗಿಸುತ್ತವೆ. ಅಷ್ಟು ಹೊತ್ತು ರಕ್ತದೊಡನೆ ಬಂದ ಹಸುವಿನ ಪ್ರತಿಕಾಯಗಳೂ ಕೆಡದೆ ಉಳಿಯುತ್ತವೆ. ಲಸಿಕೆ ಹಾಕಿದ ಹಸುವಾದರೆ ಅವು ಕರುಳಿನ ಗೋಡೆಗೆ ಅಂಟಿಕೊಳ್ಳುತ್ತವೆ, ಜೀವಕೋಶಗಳು ಒಡೆಯುತ್ತವೆ, ಕರುಳು ಸೋರತೊಡಗುತ್ತದೆ. ಬ್ರಿಸ್ಬೇನ್ ಪ್ರಯೋಗಗಳಲ್ಲಿ ಇದು ಬರಿಗಣ್ಣಿಗೇ ಕಂಡಿತು. ಕರುಳಿನಿಂದ ಸೋರಿದ ಹಸುವಿನ ರಕ್ತ ಮೈಯೆಲ್ಲ ಹರಡಿ, ಬೂದು ಬಣ್ಣಕ್ಕಿರಬೇಕಾದ ಉಣುಗುಗಳು ಕೆಂಪಗಾಗಿದ್ದವು.

ಇದು 1986ರ ಹೊತ್ತಿನ ಮಾತು. ಆದರೆ ಉಣುಗನ್ನು ಅರೆದು ತಯಾರಿಸಿದ ಕಷಾಯವನ್ನು ದೇಶದ ದನಗಳಿಗೆಲ್ಲ ಹಂಚಲಾದೀತೆ? ಸಾವಿರಾರು ಪ್ರೋಟೀನುಗಳಿರುವ ಆ ಸಾರದಲ್ಲಿ ನಿಜವಾಗಿ ಕೆಲಸ ಮಾಡುವುದು ಯಾವುದೆಂದು ಹುಡುಕಬೇಕಿತ್ತು. ಇದು ತಾಳ್ಮೆಯ ಕೆಲಸ. ಸಾರವನ್ನು ಭಾಗ ಮಾಡುವುದು, ಒಂದೊಂದು ಭಾಗವನ್ನೂ ಬೇರೆ ಬೇರೆ ದನಗಳಿಗೆ ಚುಚ್ಚುವುದು, ಆ ದನಗಳ ಮೇಲೆ ಮರಿಗಳನ್ನು ಬಿಡುವುದು, ಮೂರು ವಾರ ಕಾದು ಉದುರಿದ ಉಣುಗುಗಳನ್ನು ಎಣಿಸುವುದು, ತೂಗುವುದು, ಅವಿಟ್ಟ ಮೊಟ್ಟೆಗಳನ್ನೂ ತೂಗುವುದು. ಫಲ ಕಂಡ ಭಾಗವನ್ನು ಮತ್ತೆ ಭಾಗ ಮಾಡಿ ಅದೇ ಕೆಲಸ ಮತ್ತೊಮ್ಮೆ. ಸೋಸುತ್ತ ಹೋದಂತೆ ಸಾವಿರಾರು ಉಣುಗುಗಳಿಂದ ಕೊನೆಗೆ ಉಳಿಯುವುದು ಕಣ್ಣಿಗೆ ಕಾಣದಷ್ಟು ಪ್ರೋಟೀನು. ಹೀಗೆ ಸಿಕ್ಕಿದ್ದೇ ‘ಬಿಎಂ-86’. ಉಣುಗಿನ ವೈಜ್ಞಾನಿಕ ಹೆಸರಿನ ಮೊದಲಕ್ಷರಗಳೇ ಅದರ ಹೆಸರಾದವು. 650 ಅಮೈನೋ ಆಮ್ಲಗಳ ಸರಪಳಿಯಾದ ಇದು ಕರುಳಿನ ಜೀವಕೋಶಗಳ ಮೇಲ್ಮೈಯಲ್ಲಿರುತ್ತದೆ. 1989ರಲ್ಲಿ ವಿಲ್ಲಾಡ್ಸನ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ಅದೇ ವರ್ಷ ಇದರ ವಂಶವಾಹಿಯನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಉಣುಗಿನ ಹಂಗಿಲ್ಲದೆ ಪ್ರೋಟೀನು ತಯಾರಿಸಬಹುದೆಂಬ ವರದಿಯೂ ಬಂತು. 1994ರಲ್ಲಿ ‘ಟಿಕ್‌ಗಾರ್ಡ್’ ಎಂಬ ಹೆಸರಿನಲ್ಲಿ ಲಸಿಕೆ ಆಸ್ಟ್ರೇಲಿಯಾದ ಮಾರುಕಟ್ಟೆಗೆ ಇಳಿಯಿತು.

ವಿಜ್ಞಾನದ ಮಟ್ಟಿಗೆ ಇದು ದೊಡ್ಡ ಗೆಲುವು. ಕೊಟ್ಟಿಗೆಯಲ್ಲಿ ಕತೆ ಬೇರೆಯಾಯಿತು. ಔಷಧಿ ಬಳಿದರೆ ಮರುದಿನವೇ ಉಣುಗು ಉದುರುವುದನ್ನು ಕಂಡು ಅಭ್ಯಾಸವಾದ ರೈತನಿಗೆ, ಲಸಿಕೆ ಹಾಕಿ ವಾರಗಳಾದ ಮೇಲೂ ಹಸುವಿನ ಮೈಮೇಲೆ ಉಣುಗು ಕಾಣುತ್ತಿತ್ತು. ಲಸಿಕೆ ಮರಿಗಳನ್ನು ತಡೆಯುವುದಿಲ್ಲ. ಬೆಳೆದು ರಕ್ತ ತುಂಬಿಕೊಳ್ಳುವ ಉಣುಗುಗಳಲ್ಲಿ ಕೆಲವನ್ನು ಕೊಲ್ಲುತ್ತದೆ, ಉಳಿದವುಗಳ ಮೊಟ್ಟೆ ಕಡಿಮೆ ಮಾಡುತ್ತದೆ. ಅಂದರೆ ಫಲ ಕಾಣುವುದು ಹಸುವಿನ ಮೇಲಲ್ಲ, ಹುಲ್ಲುಗಾವಲಿನಲ್ಲಿ. ಈ ತಲೆಮಾರಿನಲ್ಲಲ್ಲ, ಮುಂದಿನದರಲ್ಲಿ. ಕ್ವೀನ್ಸ್‌ಲ್ಯಾಂಡಿನ ಹಾಲಿನ ಹಸುಗಳ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಂದೇ ತಲೆಮಾರಿನಲ್ಲಿ ಉಣುಗಿನ ಸಂಖ್ಯೆ ಶೇ. 56ರಷ್ಟು ಇಳಿದಿತ್ತು. ಲಸಿಕೆ ಪಡೆದ ದನಗಳು ಆರು ತಿಂಗಳಲ್ಲಿ ಉಳಿದವಕ್ಕಿಂತ ಸರಾಸರಿ 18.6 ಕಿಲೋ ಹೆಚ್ಚು ತೂಕ ಪಡೆದಿದ್ದವು. ಲೆಕ್ಕ ಗೊತ್ತಿದ್ದವರಿಗೆ ಇದು ಕಡಿಮೆ ಲಾಭವಲ್ಲ. ಆದರೆ ಅರ್ಧದಷ್ಟು ಉಣುಗು ಇನ್ನೂ ಉಳಿದಿದೆ ಎಂದು ನೋಡುವವರೂ ಇದ್ದರು. ಅವರದೂ ತಪ್ಪೆನ್ನಲಾಗದು.

ಇನ್ನೊಂದು ಕಷ್ಟವೂ ಇತ್ತು. ಸಹಜ ಸೋಂಕಿನಲ್ಲಾದರೆ ರೋಗಾಣು ಮತ್ತೆ ಮತ್ತೆ ಎದುರಾಗಿ ನಿರೋಧವನ್ನು ನೆನಪಿಸುತ್ತಿರುತ್ತದೆ. ಅಡಗಿದ ಪ್ರತಿಜನಕ ಅಡಗಿಯೇ ಇರುವುದರಿಂದ ಎಷ್ಟು ಉಣುಗು ಕಚ್ಚಿದರೂ ಹಸುವಿನ ದೇಹಕ್ಕೆ ಅದರ ನೆನಪಾಗುವುದಿಲ್ಲ. ಗುಟ್ಟಿನಲ್ಲೇ ಇದ್ದ ಶಕ್ತಿಯೇ ಇಲ್ಲಿ ದೌರ್ಬಲ್ಯವಾಯಿತು. ಕೆಲವು ತಿಂಗಳಿಗೊಮ್ಮೆ ಮತ್ತೆ ಚುಚ್ಚಬೇಕು. ಮೈಲುಗಟ್ಟಲೆ ಹರಡಿದ ಆಸ್ಟ್ರೇಲಿಯಾದ ಬಯಲುಗಳಲ್ಲಿ ದನಗಳನ್ನು ವರ್ಷಕ್ಕೆ ನಾಲ್ಕು ಸಲ ಕೂಡಿಹಾಕುವುದು ಖರ್ಚಿನ ಬಾಬ್ತು. ಬೆನ್ನಿನ ಮೇಲೆ ಸುರಿದರೆ ವಾರಗಟ್ಟಲೆ ಕೆಲಸ ಮಾಡುವ ಹೊಸ ರಾಸಾಯನಿಕಗಳೂ ಅದೇ ಕಾಲಕ್ಕೆ ಬಂದವು. ಟಿಕ್‌ಗಾರ್ಡ್ ಮೆಲ್ಲಗೆ ಹಿಂದೆ ಸರಿದು, ಕೊನೆಗೆ ಮಾರುಕಟ್ಟೆಯಿಂದಲೇ ಮರೆಯಾಯಿತು.

ಇದೇ ಬಿಎಂ-86 ಭೂಮಿಯ ಇನ್ನೊಂದು ಮಗ್ಗುಲಲ್ಲಿ ಬೇರೆಯೇ ರೀತಿ ಬದುಕಿತು. ಕ್ಯೂಬಾದ ರಾಜಧಾನಿ ಹವಾನಾದಲ್ಲಿ 1986ರಲ್ಲಿ ಸ್ಥಾಪನೆಯಾದ ತಳಿ ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಕೇಂದ್ರದಲ್ಲಿ ಹೋಸೆ ದೆ ಲಾ ಫುಯೆಂತೆ ಮತ್ತವರ ತಂಡ ಈ ಪ್ರೋಟೀನನ್ನು ಬ್ಯಾಕ್ಟೀರಿಯಾದ ಬದಲು ಯೀಸ್ಟ್‌ನಲ್ಲಿ ತಯಾರಿಸಿತು. ಲಸಿಕೆಯ ಹೆಸರು ‘ಗವಾಕ್’, ನೋಂದಣಿಯಾದದ್ದು 1993ರಲ್ಲಿ. ಆ ಇಸವಿಗೆ ಅರ್ಥವಿದೆ. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದ ಮೇಲೆ ಕ್ಯೂಬಾಕ್ಕೆ ಪೆಟ್ರೋಲು, ಗೊಬ್ಬರ, ಔಷಧಿ ಎಲ್ಲಕ್ಕೂ ಬರ. ಉಣುಗಿನ ರಾಸಾಯನಿಕ ಕೊಳ್ಳಲು ವಿದೇಶಿ ಹಣವಿರಲಿಲ್ಲ. ದನಗಳು ಬಹುಪಾಲು ಸರ್ಕಾರಿ ಮತ್ತು ಸಹಕಾರಿ ಸಾಕಣೆ ಕೇಂದ್ರಗಳಲ್ಲಿದ್ದವು. ಇಡೀ ಹಿಂಡಿಗೆ ತಪ್ಪದೆ ಲಸಿಕೆ ಹಾಕಿ, ಉಣುಗು ಎಣಿಸಿ, ಮಿತಿ ಮೀರಿದಾಗ ಮಾತ್ರ ಔಷಧಿ ಬಳಿಯುವ ಪದ್ಧತಿ ಜಾರಿಗೆ ಬಂತು.

1995ರಿಂದ 2003ರವರೆಗೆ 5,88,573 ಹಾಲಿನ ದನಗಳ ಮೇಲೆ ಇಟ್ಟ ಲೆಕ್ಕ 2004ರಲ್ಲಿ ಪ್ರಕಟವಾಯಿತು. ಔಷಧಿ ಬಳಿಯುವ ಸಂದರ್ಭಗಳು ಶೇ. 87ರಷ್ಟು ಕಡಿಮೆಯಾಗಿದ್ದವು. ಲಸಿಕೆಗೆ ಮುಂಚೆ ಸಾವಿರ ದನಗಳಿಗೆ 54ರಲ್ಲಿ ಕಾಣಿಸುತ್ತಿದ್ದ ಬೆಬೀಸಿಯಾ ರೋಗ ಆರು ವರ್ಷಗಳ ನಂತರ ಎರಡಕ್ಕಿಂತ ಕೆಳಗಿಳಿದಿತ್ತು. ಆಸ್ಟ್ರೇಲಿಯಾದಲ್ಲಿ ಪ್ರತಿಯೊಬ್ಬ ರೈತನೂ ತನ್ನ ಲಾಭ ನಷ್ಟ ನೋಡಿ ತೀರ್ಮಾನಿಸಿದ. ಕ್ಯೂಬಾದಲ್ಲಿ ದೇಶಕ್ಕೇ ಬೇರೆ ದಾರಿ ಇರಲಿಲ್ಲ. ಉಣುಗಿನ ಲಸಿಕೆ ಒಂದು ಹಸುವಿಗಲ್ಲ, ಒಂದು ಬಯಲಿಗೆ ಹಾಕುವ ಲಸಿಕೆ ಎಂಬುದು ಅಲ್ಲಿ ರುಜುವಾತಾಯಿತು.

ಎಲ್ಲ ಊರಿನ ಉಣುಗೂ ಒಂದೇ ಅಲ್ಲ ಎಂಬುದೂ ಇದೇ ಅವಧಿಯಲ್ಲಿ ತಿಳಿಯಿತು. ಅರ್ಜೆಂಟೀನಾದ ಒಂದು ಬಗೆಯ ಉಣುಗಿಗೆ ಗವಾಕ್ ನಾಟಲಿಲ್ಲ. ಅದರ ಕರುಳಿನ ಪ್ರೋಟೀನು ತುಸು ಬೇರೆಯಾಗಿತ್ತು. ಅದರಿಂದಲೇ ‘ಬಿಎಂ-95’ ಎಂಬ ಇನ್ನೊಂದನ್ನು ತಯಾರಿಸಬೇಕಾಯಿತು. ದೆ ಲಾ ಫುಯೆಂತೆ ಮುಂದೆ ಅಮೆರಿಕದ ಒಕ್ಲಹೋಮಕ್ಕೆ ಹೋದರು. ಹಲವು ಜಾತಿಯ ಉಣುಗುಗಳಲ್ಲಿ ಸಮಾನವಾಗಿರುವ ‘ಸಬೊಲೆಸಿನ್’ ಎಂಬ ಪ್ರೋಟೀನನ್ನು ಅವರ ಗುಂಪು 2003ರಲ್ಲಿ ಪ್ರಕಟಿಸಿತು. ಅದನ್ನು ಆಧರಿಸಿದ ಲಸಿಕೆಗಳ ಮೇಲೆ ಉಗಾಂಡಾದಲ್ಲಿ ಪ್ರಯೋಗಗಳು ನಡೆದಿವೆ.

ಭಾರತದಲ್ಲಿ ಸಮಸ್ಯೆ ಇಮ್ಮಡಿಯಾದದ್ದು. ಜೆರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಗಳು ಹಳ್ಳಿಹಳ್ಳಿಗೆ ಬಂದ ಮೇಲೆ, ಹಳ್ಳಿಕಾರ್ ಅಥವಾ ಮಲೆನಾಡು ಗಿಡ್ಡದ ಮೇಲೆ ಅಷ್ಟಾಗಿ ನಡೆಯದ ಉಣುಗಿನ ಆಟ ಕೊಟ್ಟಿಗೆಯಲ್ಲಿ ನಡೆಯತೊಡಗಿತು. ದನಪ್ರೇಮಿ ಉಣುಗಿನ ಜೊತೆಗೆ ಇಲ್ಲಿ ‘ಹೈಯಲೊಮ್ಮಾ’ ಎಂಬ ಇನ್ನೊಂದಿದೆ. ಮಿಶ್ರತಳಿ ಹಸುಗಳನ್ನು ಕೊಲ್ಲುವ ಥೈಲೀರಿಯಾ ರೋಗ ತರುವುದು ಅದೇ. ಥೈಲೀರಿಯಾ ಪರಾವಲಂಬಿಗೆ ಲಸಿಕೆ ಉಂಟು, ಅದನ್ನು ಹೊತ್ತು ತರುವ ಉಣುಗಿನ ಮಾತು ಬೇರೆ. ಹೈಯಲೊಮ್ಮಾ ಇಡೀ ಬಾಳನ್ನು ಒಂದೇ ಹಸುವಿನ ಮೇಲೆ ಕಳೆಯುವುದಿಲ್ಲ. ನಡುವೆ ಕೆಳಗಿಳಿದು, ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ ಪೊರೆ ಕಳಚಿ, ಮತ್ತೆ ಸಿಕ್ಕ ಪ್ರಾಣಿಯನ್ನು ಹತ್ತುತ್ತದೆ. ಬರೇಲಿ ಬಳಿಯ ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಬಿಎಂ-86ಕ್ಕೆ ಹೋಲುವ ಪ್ರೋಟೀನನ್ನು ಈ ಹೈಯಲೊಮ್ಮಾದಿಂದಲೇ ತೆಗೆದು, ಮಿಶ್ರತಳಿ ಕರುಗಳಿಗೆ ಚುಚ್ಚಿ, ಮೇಲೆ ಉಣುಗು ಬಿಟ್ಟು ಪರೀಕ್ಷಿಸಿದ್ದಾರೆ. ಉದುರಿದವನ್ನು ಎಣಿಸುವುದು, ತೂಗುವುದು, ಮೊಟ್ಟೆ ತೂಗುವುದು, ಅಲ್ಲಿಯೂ ಬ್ರಿಸ್ಬೇನ್‌ನ ಅದೇ ಲೆಕ್ಕ.